ಅತ್ತೆ ಕೈಮುಗಿದ ಹೆಡ್‌ಲೈಟು

ನಮ್ಮ ಮನೆಯಲ್ಲಿ ಯಾವ ಸಾಮಾನೂ ಮರ್ಯಾದೆಯಿಂದ ಕೆಟ್ಟು ಮರ್ಯಾದೆಯಿಂದ ರಿಪೇರಿಯಾದದ್ದಿಲ್ಲ. ನಲ್ಲಿ ಸೋರಿದರೆ ಬೀದಿಗೆಲ್ಲ ಗೊತ್ತಾಗಬೇಕು, ಗಡಿಯಾರ ನಿಂತರೆ ಪಕ್ಕದ ಮನೆಯವರ ಊಟ ತಡವಾಗಬೇಕು. ಕಾರಣ ಇಷ್ಟೇ, ನಮ್ಮ ಮನೆಯವರು ಒಂದು ಸಲ ಸ್ಕ್ರೂಡ್ರೈವರ್ ಹಿಡಿದರೆಂದರೆ ಇನ್ನೊಬ್ಬರಿಗೆ ಮುಟ್ಟಲು ಬಿಡುವವರಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿ ಇಟ್ಟುಕೊಂಡವರಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತೋ ಆ ಶಿವನಿಗೇ ಗೊತ್ತು. ನಯಾಪೈಸೆ ಬಂದ ಹೊಸದರಲ್ಲಿ ನಾವು ಕೊಂಡ ಹಳೇ ಕಾರಿನ ಹೆಡ್‌ಲೈಟ್ ಸ್ವಿಚ್ಚು ನಮ್ಮನ್ನು ಆಡಿಸಿದ ಆಟ ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಜೊತೆಗೆ ಸ್ವಲ್ಪ ಸಿಟ್ಟೂ ಬರುತ್ತದೆ.

ಮಧ್ಯಾಹ್ನ ಕೊಂಡ ಕಾರು

ಕಾರು ಬೇಕೆಂದು ಹಟ ಹಿಡಿದವಳು ನಾನೇ. ನನ್ನ ಅಕ್ಕ ಭದ್ರಾವತಿಯ ನ್ಯೂ ಟೌನಿನಲ್ಲಿದ್ದಳು. ಭಾವನವರಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅಕ್ಕ ಬಸುರಿಯಾಗಿದ್ದಳು, ನಮಗೆ ತಾಯಿ ಇಲ್ಲ. ನೋವು ಶುರುವಾದರೆ ಯಾವ ಹೊತ್ತಾದರೂ ಸರಿ, ಬಂದು ಪಕ್ಕದಲ್ಲಿರುತ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಬಾಣಂತನ ತಾವೇ ಮಾಡುವುದಾಗಿ ನಮ್ಮತ್ತೆಯೂ ಒಪ್ಪಿಕೊಂಡಿದ್ದರು. ಆದರೆ ಸಂಜೆಯ ಬಸ್ಸು ತಪ್ಪಿದರೆ ಹೋಗುವುದು ಹೇಗೆ? ಅದಕ್ಕೇ ಕಾರು.

ನ್ಯೂ ಟೌನಿನಿಂದ ವರ್ಗವಾಗಿ ಹೊರಟಿದ್ದ ಸಾಹೇಬರೊಬ್ಬರ ಕಾರನ್ನು ಮಧ್ಯಾಹ್ನ ನೋಡಿದೆವು, ಮಧ್ಯಾಹ್ನವೇ ಕೊಂಡೆವು. ಸೀಟು ನೋಡಿದೆವು, ಬಣ್ಣ ನೋಡಿದೆವು, ಹಾರ್ನ್ ಒತ್ತಿ ಕೇಳಿದೆವು. ನಡುಹಗಲಲ್ಲಿ ಯಾರಿಗೆ ಲೈಟಿನ ನೆನಪು?

ಊರಿಗೆ ವಾಪಸು ಬರುವಾಗ ದಾರಿಯಲ್ಲೇ ಹೊತ್ತು ಮುಳುಗಿತು. ಸ್ಟೇರಿಂಗಿನ ಪಕ್ಕದಲ್ಲಿ ಒಂದು ಗುಂಡಿ ಇತ್ತು, ಎಳೆದರೆ ಲೈಟು, ತಳ್ಳಿದರೆ ಕತ್ತಲು. ಇವರು ಎಳೆದರು. ರಸ್ತೆಯ ತುಂಬ ಬೆಳಕು ಬಿತ್ತು. ಹಿಂದಿನ ಸೀಟಿನಲ್ಲಿದ್ದ ಅತ್ತೆ, ಮನೆಯಲ್ಲಿ ಮುಸ್ಸಂಜೆ ದೀಪ ಹಚ್ಚಿದಾಗ ಮಾಡುವ ಹಾಗೆ, ಶಿವ ಶಿವಾ ಎನ್ನುತ್ತ ಕೈಮುಗಿದರು. ನಾನೂ ಮುಗಿದೆ. ಹುಟ್ಟಿದಾಗಿನಿಂದ ಅದನ್ನೇ ರೂಢಿ ಮಾಡಿಕೊಂಡು ಬಂದ ಇವರೂ ಸ್ಟೇರಿಂಗನ್ನು ಬಿಟ್ಟು ಎರಡೂ ಕೈ ಜೋಡಿಸಿದರು. ಕೈ ಬಿಟ್ಟ ಕೂಡಲೇ ಆ ಗುಂಡಿ ಮೆಲ್ಲಗೆ ಒಳಗೆ ಜಾರಿತು, ಲೈಟು ಹೋಯಿತು, ಕಾರು ಚರಂಡಿಗೆ ಇಳಿಯಿತು.

ಯಾರಿಗೂ ಏನೂ ಆಗಲಿಲ್ಲ. ಗಾಡಿ ಎತ್ತಲು ಎತ್ತಿನ ಗಾಡಿಯವರೇ ಬರಬೇಕಾಯಿತು. ಅತ್ತೆ ಮಾತ್ರ ಕೂತಲ್ಲಿಂದಲೇ, "ನೋಡಿದ್ಯಾ, ದೀಪಕ್ಕೆ ಕೈಮುಗಿದಿದ್ದಕ್ಕೆ ಬದುಕಿಕೊಂಡ್ವಿ" ಅಂದರು.

ಲಾಡಿಯ ಲಗಾಮು

ಅಲ್ಲಿಗೆ ಕಾಯಿಲೆ ಏನೆಂದು ಗೊತ್ತಾಯಿತು. ಗುಂಡಿಯನ್ನು ಎಳೆದು ಯಾರಾದರೂ ಹಿಡಿದುಕೊಂಡೇ ಇರಬೇಕು. ಇವರಿಗೆ ಗೇರಿಗೊಂದು ಕೈ, ಸ್ಟೇರಿಂಗಿಗೊಂದು ಕೈ, ಮೂರನೆಯದು ಎಲ್ಲಿಂದ ತರುವುದು? ನಾನು ಮುಂದೆ ಕೂತು ಹಿಡಿಯುತ್ತೇನೆ ಅಂದೆ. ಅತ್ತೆ ಒಪ್ಪಲಿಲ್ಲ. ಹಿರಿಯರನ್ನು ಹಿಂದೆ ಕೂರಿಸಿ ಸೊಸೆ ಗಂಡನ ಪಕ್ಕ ಮೆರೆಯುವುದು ಅವರ ಕಾಲದಲ್ಲಿ ಇರಲಿಲ್ಲವಂತೆ. ಅವರ ಕಾಲದಲ್ಲಿ ಕಾರೂ ಇರಲಿಲ್ಲ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಉಪಾಯವನ್ನೂ ಅವರೇ ಹೇಳಿದರು. ಲಂಗದ ಲಾಡಿಯೊಂದನ್ನು ಗುಂಡಿಗೆ ಕಟ್ಟಿ, ಅದರ ತುದಿಯನ್ನು ಹಿಂದಿನ ಸೀಟಿನಲ್ಲಿ ನನ್ನ ಕೈಗೆ ಕೊಟ್ಟರು. ಮುಂದಿನ ವಾರ ಅಕ್ಕನನ್ನು ನೋಡಿಕೊಂಡು ಬರುವಾಗ ನಾನು ಲಗಾಮು ಹಿಡಿದ ಹಾಗೆ ಲಾಡಿ ಎಳೆದುಕೊಂಡು ಕೂತೆ. ಲೈಟು ಚೆನ್ನಾಗಿಯೇ ಉರಿಯಿತು. ಹೊಳೆ ಸೇತುವೆ ಹತ್ತಿರ ಒಂದು ಹಳ್ಳಕ್ಕೆ ಚಕ್ರ ಬಿದ್ದದ್ದೇ ತಡ, ನಾನು ಹಿಂದಕ್ಕೆ ಬಿದ್ದೆ, ಲಾಡಿಯ ಜೊತೆ ಗುಂಡಿಯೂ ಕಿತ್ತುಕೊಂಡು ನನ್ನ ಮಡಿಲಿಗೆ ಬಂತು, ಲೈಟು ಹೋಯಿತು.

ಸೇತುವೆಯ ತುದಿಯಲ್ಲೇ ನಿಂತಿದ್ದ ಪೊಲೀಸಿನವನು ಕೈ ಅಡ್ಡ ಹಾಕಿದ. ಲೈಟು ಯಾಕೆ ಹಾಕಿಲ್ಲ, ಸ್ವಿಚ್ ಎಲ್ಲಿ ಎಂದು ಗದರಿದ. ಇವರು ಬೆವರು ಒರೆಸಿಕೊಳ್ಳುತ್ತ, ನಮ್ಮ ಮನೆಯವಳ ಕೈಲಿದೆ ಅಂದರು. ನಾನು ಕಿಟಕಿಯಿಂದ ಕೈ ಚಾಚಿ ಲಾಡಿ ಸಮೇತ ಗುಂಡಿಯನ್ನು ತೋರಿಸಿದೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಇವರನ್ನು ಕೇಳಿದ:

"ಬ್ರೇಕೂ ಅಮ್ಮಾವ್ರ ಕೈಲೇ ಇದೆಯಾ ಸ್ವಾಮಿ?"

ಟಾರ್ಚಿನ ಸ್ಪ್ರಿಂಗು

ಅವನು ಬರೀ ನಗಿಸಿ ಬಿಡಲಿಲ್ಲ. ಗಾಡಿಗಳನ್ನು ತಪಾಸಣೆ ಮಾಡುವ ಬ್ರೇಕ್ ಇನ್ಸ್‌ಪೆಕ್ಟರು ನೋಡಿ ಸರಿ ಇದೆ ಎಂದು ಚೀಟಿ ಕೊಡುವ ತನಕ ಕತ್ತಲಾದ ಮೇಲೆ ಈ ಗಾಡಿ ರಸ್ತೆಯಲ್ಲಿ ಕಾಣಕೂಡದು ಎಂದು ತಾಕೀತು ಮಾಡಿದ. ಅತ್ತೆಗೆ ಅಷ್ಟೇ ಸಾಕಾಯಿತು. ನಮ್ಮ ಬೀದಿಯ ಹಿಟ್ಟಿನ ಗಿರಣಿಯವರಿಗೆ ಒಂದು ಇಂಜಿನ್ ಬೇಕಾಗಿತ್ತು. ಚೀಟಿ ಸಿಗದೇ ಹೋದರೆ ಕಾರು ಗಿರಣಿಗೆ ಎಂದು ತೀರ್ಪು ಕೊಟ್ಟುಬಿಟ್ಟರು. ಇತ್ತ ಅಕ್ಕನಿಗೆ ದಿನ ತುಂಬಿತ್ತು.

ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್‌ಗೆ ತೋರಿಸೋಣ ಎಂದು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಇವರು ಕೇಳಲಿಲ್ಲ. "ನಾನು ಮಾಡ್ತೀನಿ ಅಂದ್ಮೇಲೆ ಮಾಡ್ತೀನಿ ಕಣೇ. ಅದು ಸ್ವಿಚ್ಚೋ ನಾನೋ ನೋಡೇಬಿಡ್ತೀನಿ" ಅಂದರು. ಅಂಗಡಿಯನ್ನು ಗುಮಾಸ್ತರಿಗೆ ಬಿಟ್ಟು ಪಡಸಾಲೆಯಲ್ಲಿ ಹಳೇ ಪಂಚೆ ಹಾಸಿಕೊಂಡು ಕೂತರು. ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಕಡೆಗೂ ರೋಗ ಸಿಕ್ಕಿತು. ಒಳಗೊಂದು ಪುಟ್ಟ ಉಕ್ಕಿನ ಗೋಲಿ, ಅದು ಕೂರುವುದಕ್ಕೊಂದು ಗುಳಿ, ಗೋಲಿಯನ್ನು ಅದುಮಿ ಹಿಡಿಯುವುದಕ್ಕೊಂದು ಸ್ಪ್ರಿಂಗು. ಆ ಸ್ಪ್ರಿಂಗು ಮುದಿಯಾಗಿ ಹಿಡಿತ ಬಿಟ್ಟಿತ್ತು. ಇಷ್ಟನ್ನು ನನಗೆ ವಿವರಿಸುತ್ತಿರುವಾಗಲೇ ಅದು ಚಂಗನೆ ಹಾರಿ ಎಲ್ಲಿಗೋ ಹೋಯಿತು. ಮನೆಯೆಲ್ಲ ಗುಡಿಸಿದೆವು, ರವೆ ಜರಡಿ ಹಿಡಿದೆವು, ಉಪ್ಪಿನಕಾಯಿ ಜಾಡಿಯನ್ನೂ ಬಿಡಲಿಲ್ಲ. ಸಿಗಲಿಲ್ಲ.

ಇವರು ಸುಮ್ಮನಾಗುವ ಆಸಾಮಿಯೇ? ಅತ್ತೆಯ ಟಾರ್ಚನ್ನು ಬಿಚ್ಚಿ, ಶೆಲ್ಲಿನ ಹಿಂದಿದ್ದ ಸ್ಪ್ರಿಂಗನ್ನು ಕತ್ತರಿಸಿ ಕೂರಿಸಿದರು. ಗುಂಡಿಗೂ ತಾವೇ ಬೆಸುಗೆ ಹಾಕಿದರು. ಸ್ವಿಚ್ಚನ್ನು ಕಾರಿಗೆ ಜೋಡಿಸಿ ಎಳೆದರೆ ಲೈಟು ಬಂತು, ಗಟ್ಟಿಯಾಗಿ ನಿಂತಿತು. ನಾನು ಸಂತೋಷದಿಂದ ಸಕ್ಕರೆ ತಂದು ಬಾಯಿಗೆ ಹಾಕಿದೆ. ಆಮೇಲೆ ಆರಿಸಲು ತಳ್ಳಿದರು. ನಾನೂ ತಳ್ಳಿದೆ. ಇಬ್ಬರೂ ಸೇರಿ ತಳ್ಳಿದೆವು. ಹೊಸ ಸ್ಪ್ರಿಂಗಿನ ಬಿಗಿಗೆ ಗೋಲಿ ಗುಳಿಯಲ್ಲೇ ಬೇರು ಬಿಟ್ಟಿತ್ತು. ಕೊನೆಗೆ ಬ್ಯಾಟರಿಯ ತಂತಿಯನ್ನೇ ತೆಗೆದು ಆರಿಸಿ, ಗುಂಡಿಯನ್ನು ಇಕ್ಕಳದಿಂದ ತಿರುಚಿ ಹೇಗೋ ಒಳಗೆ ಸೇರಿಸಿದರು. ಇನ್ಸ್‌ಪೆಕ್ಟರು ಹಚ್ಚಿ ಅನ್ನುತ್ತಾರೆಯೇ ಹೊರತು ಆರಿಸಿ ಅನ್ನುವುದಿಲ್ಲ, ಅವ್ವನಿಗೆ ಮಾತ್ರ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡರು.

ಅವತ್ತು ಸಂಜೆ ಅತ್ತೆ ಹಿತ್ತಲಿಗೆ ಹೋಗಲು ಟಾರ್ಚ್ ಒತ್ತಿದರು, ಕುಟ್ಟಿದರು, ಬಿಚ್ಚಿ ನೋಡಿದರು. ಸ್ಪ್ರಿಂಗು ಕಾರಿಗೆ ಹೋದದ್ದು ತಿಳಿದ ಮೇಲೆ ಮಗನನ್ನು ಕರೆದು ಶಾಂತವಾಗಿಯೇ ಹೇಳಿದರು:

"ಆ ಕಾರನ್ನ ಹಿತ್ತಲ ಕಡೆ ತಿರುಗಿಸಿ ನಿಲ್ಲಿಸು ಮಾರಾಯ, ನಾನು ಹೋಗಿ ಬರ್ತೀನಿ."

ಮುಸ್ಸಂಜೆಯ ಪರೀಕ್ಷೆ

ಇನ್ಸ್‌ಪೆಕ್ಟರು ಬರುವ ದಿನವೇ ಸಂಜೆಯ ಹೊತ್ತಿಗೆ ಭಾವನವರ ಕಡೆಯಿಂದ ಆಳು ಬಂದ. ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ನೋವು ಶುರುವಾಗಿದೆ ಎಂದ. ನಾನೂ ಅತ್ತೆಯೂ ಗಂಟು ಕಟ್ಟುವಷ್ಟರಲ್ಲಿ ಬಸ್ಸು ಹೋಗಿತ್ತು, ಚೀಟಿಯಿಲ್ಲದೆ ಹೊರಟರೆ ದಾರಿಯಲ್ಲೇ ಕತ್ತಲಾಗುತ್ತಿತ್ತು. ಗಂಟಿನ ಸಮೇತ ಕಾರಿನಲ್ಲಿ ಕೂತು ಗಾಡಿಗಳ ಪರೀಕ್ಷೆ ನಡೆಯುವ ಮೈದಾನಕ್ಕೆ ಹೋದೆವು. ಅಲ್ಲಿ ನೋಡಿದರೆ ಲಾರಿಗಳ ಸಾಲು. ನಮ್ಮ ಸರದಿ ಬರುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಚೀಟಿ ಸಿಗದಿದ್ದರೆ ಭದ್ರಾವತಿಯೂ ಇಲ್ಲ, ಕಾರೂ ಇಲ್ಲ.

ಇನ್ಸ್‌ಪೆಕ್ಟರದು ಗಂಟುಮುಖ. ನಮ್ಮ ಮುಂದಿನ ಲಾರಿಯವನನ್ನು ಬೈದು ವಾಪಸು ಕಳಿಸಿದ್ದರು. ಬ್ರೇಕು ನೋಡಿದರು, ಹಾರ್ನ್ ಕೇಳಿದರು, ಕಾರಿನ ಎದುರಿಗೆ ಬಂದು ನಿಂತು ಲೈಟ್ ಹಾಕಿ ಅಂದರು. ಇವರು ಎಳೆದರು. ಝಗ್ಗನೆ ಬೆಳಕು ಬಿತ್ತು. ಆ ಬೆಳಕಿನಲ್ಲಿ ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡೇ ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದರು. ಹಿಂದೆ ಅತ್ತೆಯೂ ಮುಗಿದರು. ಇವರು ಮಾತ್ರ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದರು.

ಇನ್ಸ್‌ಪೆಕ್ಟರು ಕಣ್ಣು ಬಿಟ್ಟು, ಸರಿ, ಆರಿಸಿ ಅಂದರು.

ಇವರು ಗುಂಡಿಯ ಮೇಲೆ ಅಂಗೈ ಇಟ್ಟು ತಳ್ಳಿದರು. ಕತ್ತಿನ ನರ ಉಬ್ಬಿತು. ಲೈಟು ಅಲ್ಲಾಡಲಿಲ್ಲ. ಇನ್ಸ್‌ಪೆಕ್ಟರು ಹುಬ್ಬು ಗಂಟಿಕ್ಕಿ, "ಏನ್ರೀ, ಆರಿಸಿ ಅಂದೆ" ಎನ್ನುತ್ತ ಬಾಗಿಲ ಹತ್ತಿರ ಬಂದರು. ಗಿರಣಿಯ ಇಂಜಿನ್ ಸದ್ದು ನನಗೆ ಅಲ್ಲಿಂದಲೇ ಕೇಳಿಸಿದಂತಾಯಿತು.

ಅಷ್ಟರಲ್ಲಿ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಏನಪ್ಪಾ, ಮುಸ್ಸಂಜೆ ಹೊತ್ತಲ್ಲಿ ಹಚ್ಚಿದ ದೀಪಾನ ನಿಮ್ಮನೇಲಿ ಆಗಲೇ ಆರಿಸ್ತಾರಾ? ಈಗಷ್ಟೇ ನೀನೇ ಕೈಮುಗಿದೆ. ನಾವು ಹೆರಿಗೆಗೆ ಹೊರಟವರು. ಹೆತ್ತ ತಾಯಿ ಇದನ್ನೇ ಹೇಳಿಕೊಟ್ಟಳಾ ನಿನಗೆ?"

ಗಂಟುಮುಖ ಕರಗಿತು. "ತಪ್ಪಾಯ್ತಮ್ಮಾ. ಬೇಡ, ಹಾಗೇ ಇರ್ಲಿ, ಹಾಗೇ ಹೋಗಿ" ಎನ್ನುತ್ತ ಅದೇ ಲೈಟಿನ ಮುಂದೆ ಬಗ್ಗಿ ಚೀಟಿ ಬರೆದುಕೊಟ್ಟರು.

ಹಾಗೇ ಹೋದೆವು. ನಾವು ಆಸ್ಪತ್ರೆ ಮುಟ್ಟಿದಾಗ ಅಕ್ಕ ಇನ್ನೂ ನೋವು ತಿನ್ನುತ್ತಿದ್ದಳು. ನನ್ನನ್ನು ನೋಡಿ, ಬಂದ್ಯಾ ಅಂದಳು. ಅಷ್ಟೇ ಮಾತು, ನನಗೆ ಅಳು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಹೆಣ್ಣುಮಗು ಹುಟ್ಟಿತು. ಅತ್ತೆ ಜಗುಲಿಗೆ ಬಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಅಂಗಳದತ್ತ ನೋಡಿದರು. ಕಾರಿನ ಲೈಟು ಇನ್ನೂ ಉರಿಯುತ್ತಿತ್ತು. ಅವರ ಕಣ್ಣು ತುಂಬಿತು.

"ನನ್ನ ಮಾತು ಎಷ್ಟು ನಡೆಸಿಕೊಟ್ಟ ನೋಡೇ ನನ್ನ ಮಗ. ಮಗು ಹುಟ್ಟಾಯ್ತು, ಇನ್ನು ಆರಿಸು ಅಂತ ಹೇಳು ಹೋಗು ಮಾರಾಯ್ತಿ."

ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ. ಅದು ಆರುವುದಿಲ್ಲ ಅತ್ತೆ, ಟಾರ್ಚಿನ ಸ್ಪ್ರಿಂಗು ಹಾಕಿದಾಗಿನಿಂದ ಆರುವುದೇ ಇಲ್ಲ ಎಂದು ಎಲ್ಲ ಹೇಳಿಬಿಟ್ಟೆ. ಅತ್ತೆ ಕಾರನ್ನು ನೋಡಿದರು, ಬಾನೆಟ್ಟಿನೊಳಗೆ ತಲೆ ತೂರಿಸಿ ತಂತಿ ಹುಡುಕುತ್ತಿದ್ದ ಮಗನನ್ನು ನೋಡಿದರು. ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿ ನಿಂತೆ.

"ಮೊದಲೇ ಹೇಳೋದಲ್ವೇನೇ?" ಅಂದರು ಅತ್ತೆ. "ಆ ಇನ್ಸ್‌ಪೆಕ್ಟರಿಗೆ ಇನ್ನೂ ಎರಡು ಮಾತು ಜಾಸ್ತಿ ಅಂದಿರ್ತಿದ್ದೆ."