ಹೆಸರು ಮುಚ್ಚಿ ವೈನ್ ಕುಡಿದದ್ದು

ತನ್ನ ನಾಲಿಗೆಯ ಮೇಲೆ ಮನುಷ್ಯನಿಗಿರುವಷ್ಟು ಭರವಸೆ ದೇವರ ಮೇಲೂ ಇರುವುದಿಲ್ಲ. ನನಗಂತೂ ಇತ್ತು. ಕಲಬುರಗಿಯ ಒಂದು ವಾರಪತ್ರಿಕೆಗೆ ನಾನು ವೈನ್ ವಿಮರ್ಶೆ ಬರೆಯುತ್ತೇನೆ. ವೈಷ್ಣವರ ಮನೆಯಲ್ಲಿ ಹುಟ್ಟಿ ಇದೆಂಥ ಬುದ್ಧಿ ಎಂದು ಗಾಜಿಪುರದ ಸೋದರಮಾವ ಮಾತು ಬಿಟ್ಟಿದ್ದಾರೆ. ಹೆಂಡತಿ ಸುಧಾ ಮಾತು ಬಿಟ್ಟಿಲ್ಲ, ಅದೇ ಕಷ್ಟ.

ಕಮಲಾಪುರದ ಗೆಳೆಯ ಶರಣಪ್ಪ ತನ್ನ ದ್ರಾಕ್ಷಿಯಿಂದಲೇ ವೈನ್ ಮಾಡಲು ತೊಡಗಿದಾಗ ‘ಹಳ್ಳಿಯ ಮುಗ್ಧ ಸಿಹಿ’ ಎಂದು ಬರೆದಿದ್ದೆ. ಹೊಗಳಿಕೆಯೆಂದೇ ನಾನು ತಿಳಿದಿದ್ದೆ. ಅವನು ಫೋನ್ ಮಾಡಿದ: “ಸಾಹೇಬ್ರ, ನೀವು ವೈನ್ ಕುಡ್ಯಾಂಗಿಲ್ಲ, ಬಾಟ್ಲಿ ಮ್ಯಾಲಿನ ಚೀಟಿ ಓದ್ತೀರಿ. ಹೆಸರು ಮುಚ್ಚಿ ಕೊಡ್ತೀನಿ, ಬರ್ರಿ.”

ಸುಧಾಳೂ ನಾನೂ ಹೋದೆವು. ಎರಡು ಪರದೇಶದ ಬಾಟಲಿ ನಾನೇ ಒಯ್ದಿದ್ದೆ. ಅವೆರಡು, ಅವನದೊಂದು, ಸುಧಾ ಅಡುಗೆಮನೆಯಲ್ಲಿ ಬಗ್ಗಿಸಿ ತರುವುದು, ನಾನು ಪಡಸಾಲೆಯಲ್ಲಿ ಕೂತು ಹತ್ತಕ್ಕೆ ಅಂಕ ಕೊಡುವುದು. ಒಳಗೆ ಬಹಳ ಹೊತ್ತು ಗುಸುಗುಸು ನಡೆದು, ಕೊನೆಗೆ ಮೂರು ಗ್ಲಾಸು ಬಂದವು.

ಮೊದಲನೆಯದು ಸಪ್ಪೆ. “ಶರಣಪ್ಪ, ಸಿಟ್ಟಾಗಬ್ಯಾಡಪಾ, ಇದು ನಿಂದು. ಎರಡು.” ಎರಡನೆಯದಕ್ಕೆ ಕಣ್ಣು ತಾನಾಗಿ ಮುಚ್ಚಿತು. ಹಳೆಯ ಮರದ ಪೀಪಾಯಿ, ದೂರದ ಬೆಟ್ಟದ ಬಿಸಿಲು, ಏನೇನೋ ಕಂಡವು. “ಒಂಬತ್ತು! ಇದು ಫ್ರಾನ್ಸಿಂದು.” ಮೂರನೆಯದು ಒಗರು, ನಾಲ್ಕು.

ಸುಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂದಳು: “ರೀ, ಬಿರಡೆ ತೆಗೆಯೋ ತಿರುಪು ನೀವು ಮನ್ಯಾಗೇ ಬಿಟ್ಟು ಬಂದೀರಿ. ನಿಮ್ಮ ಬಾಟ್ಲಿ ಎರಡೂ ತೆರೀಲೇ ಇಲ್ಲ. ತಿರುವೋ ಮುಚ್ಚಳದ್ದು ಶರಣಪ್ಪನವರದೊಂದೇ, ಮೂರೂ ಗ್ಲಾಸು ಅದರದೇ.”

ಒಂದೇ ಬಾಟಲಿಗೆ ಎರಡು, ಒಂಬತ್ತು, ನಾಲ್ಕು! ಇಷ್ಟು ವರ್ಷ ನಾನು ಕುಡಿದದ್ದಾದರೂ ಏನು? ಶರಣಪ್ಪ ನಗಲಿಲ್ಲ, ಅದು ಇನ್ನೂ ಚುಚ್ಚಿತು. ಮೆಲ್ಲಗೆ, “ಒಂಬತ್ತು ಅಷ್ಟೇ ಬರೀರಿ, ನನಗೂ ಛಲೋ, ನಿಮಗೂ ಛಲೋ” ಅಂದ.

“ಮೂರೂ ಬರೀರಿ,” ಅಂದಳು ಸುಧಾ.

ಬರೆದೆ. ಇದೇ ನನ್ನ ಕೊನೆಯ ವಿಮರ್ಶೆ ಎಂದುಕೊಂಡಿದ್ದೆ. ಆದರೆ ಊರಿನ ಜಗತ್ ವೃತ್ತದಲ್ಲಿ ಸಿಕ್ಕವರೆಲ್ಲ ಕೈ ಹಿಡಿದು, “ಏನ್ ಖರೇ ಮನುಷ್ಯಾರಿ ನೀವು! ಇನ್ನ ನೀವು ಹೇಳಿದ್ದೇ ಕುಡಿಯೋದು” ಅನ್ನುತ್ತಾರೆ. ಮಹಿಳಾ ಮಂಡಳದವರಂತೂ ಉಪ್ಪಿನಕಾಯಿ ಸ್ಪರ್ಧೆಗೆ ನನ್ನನ್ನೇ ತೀರ್ಪುಗಾರನನ್ನಾಗಿ ಕರೆದಿದ್ದಾರೆ. ನಾಲಿಗೆಯ ಮಾನ ಹೋದ ಮೇಲೇ ಅದಕ್ಕಿಷ್ಟು ಬೆಲೆ ಬಂತಲ್ಲ ಎಂದು ದಂಗಾಗಿದ್ದೇನೆ. ಒಪ್ಪಿಕೊಂಡೂ ಇದ್ದೇನೆ.