ಅರ್ಥ ಕೇಳುವ ಅತ್ತಿಯ ಕ್ರಿಸ್‌ಮಸ್

ನಮ್ಮ ಸೋದರತ್ತಿ ಹಬ್ಬ ಮಾಡುವುದಿಲ್ಲ, ಹಬ್ಬದ ವಿಚಾರಣೆ ಮಾಡುತ್ತಾಳೆ! ಕಮಲಾಪುರದ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ಗದರಿಸಲು ಮಕ್ಕಳು ಸಿಗುತ್ತಿಲ್ಲ ನೋಡಿ, ಶಬ್ದಗಳನ್ನು ಹಿಡಿದುಕೊಂಡಿದ್ದಾಳೆ. ಯುಗಾದಿಯ ದಿನ "ಯುಗಾದಿ ಅಂದ್ರ ಏನು? ಬಿಡಿಸಿ ಹೇಳು" ಅನ್ನುತ್ತಾಳೆ. ಹೇಳಿದರಷ್ಟೇ ಹೋಳಿಗೆ! ನಮ್ಮ ಹಬ್ಬಗಳೆಲ್ಲ ಖಾಲಿಯಾದವೋ ಏನೋ, ಈಗ ಕ್ರಿಸ್‌ಮಸ್ಸಿಗೆ ಕೈ ಹಾಕಿದ್ದಾಳೆ.

ಹೋದ ವರ್ಷ ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ "ಎಕ್ಸ್‌ಮಸ್ ಸೇಲ್" ಅಂತ ಬೋರ್ಡು ತೂಗುತ್ತಿತ್ತು. ನಾನು ಅಂಗಿ ಹುಡುಕುತ್ತಿದ್ದೆ. ಅತ್ತಿ ಅಂಗಡಿಯವನನ್ನು ಹಿಡಿದಳು.

"ಆ ಎಕ್ಸ್ ಅಂದ್ರ ಏನ್ರಿ?"

"ಶಾರ್ಟ್‌ಕಟ್ ರೀ, ಅಮ್ಮಾರ."

"ಶಾರ್ಟ್‌ಕಟ್ ಅಲ್ಲ, ಗ್ರೀಕ್ ಅಕ್ಷರ! ಅವರ ಭಾಷಾದಾಗ ಕ್ರಿಸ್ತನ ಹೆಸರು ಅದರಿಂದ್ಲೇ ಸುರು ಆಗ್ತದ."

"ನನಗ ಗ್ರೀಕ್ ಗೊತ್ತಿಲ್ರಿ, ಗಿರಾಕಿ ಗೊತ್ತು. ನಿಮ್ಮ ಹಿಂದ ಸಾಲು ನಿಂತಾರ, ಸ್ವಲ್ಪ ಸರೀರಿ!"

ಅಂಗಿ ಅಲ್ಲೇ ಉಳಿಯಿತು. ಅತ್ತಿಯನ್ನು ಎಳೆದುಕೊಂಡು ಬಂದೆ.

ಈ ವರ್ಷ ಕ್ರಿಸ್‌ಮಸ್ ದಿನ ಬಸ್‌ಸ್ಟ್ಯಾಂಡಿಗೆ ಹೋದರೆ, ಬಸ್ಸಿಳಿದ ಅತ್ತಿಯ ಕೈಯಲ್ಲಿ ದೊಡ್ಡ ಗಂಟು. ಒಳಗೆ ಜೋಳದ ಖಡಕ್ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ. ನಮ್ಮ ಗಾಜಿಪುರದ ಮನೆಯ ಎದುರಿಗೆ ಕ್ರಿಸ್‌ಮಸ್ ಮಾಡುವ ಶಾಂತಾಬಾಯಿಯವರಿಗಂತೆ!

"ಅತ್ತಿ, ಕ್ರಿಸ್‌ಮಸ್ಸಿಗೆ ಕೇಕ್ ಒಯ್ತಾರ!"

"ಬೆತ್ಲೆಹೇಮ್ ಅಂದ್ರ ಏನು ಹೇಳು? ರೊಟ್ಟಿ ಮನಿ! ರೊಟ್ಟಿ ಮನ್ಯಾಗ ಹುಟ್ಟಿದವನಿಗಿ ಕೇಕ್ ಯಾತಕ್ಕ?"

ಆಟೋದವನು ಸುಮ್ಮನಿರಬಾರದೇ? ತಿರುಗಿ ಹೇಳಿದ: "ಅಮ್ಮಾ, ಅರಬಿದಾಗ ಲಹಮ್ ಅಂದ್ರ ಗೋಷ್. ಅದು ಮಾಂಸದ ಮನಿ ಆಗ್ತದ."

ಮೊಟ್ಟೆಯ ಮಾತೆತ್ತಿದರೂ ಮುಖ ತಿರುಗಿಸುವ ಅತ್ತಿ ಗಂಟನ್ನು ಎದೆಗೆ ಅವಚಿಕೊಂಡು, "ಹೀಬ್ರೂದಾಗ ರೊಟ್ಟಿನೇ!" ಎಂದು ಚೀರಿದಳು. ಮನೆ ಬರುವ ತನಕ ಇಬ್ಬರದೂ ವಾದ. ಬಾಡಿಗೆ ಕೊಟ್ಟ ಮೇಲೂ ಅವನು ಹೋಗಲೊಲ್ಲ!

ಎದುರು ಮನೆಯ ಮೆಟ್ಟಿಲಲ್ಲೇ ಅವಳನ್ನು ತಡೆದು ತಾಕೀತು ಮಾಡಿದೆ: "ಅತ್ತಿ, ಈ ಮಳಿಗಾಲದಾಗ ಅವರ ಯಜಮಾನರು ತೀರಿಕೊಂಡಾರ. ಹೆಸರು, ಅರ್ಥ ಏನೂ ಕೇಳಬ್ಯಾಡ. ಕೈ ಮುಗೀತೀನಿ."

"ನನಗ ಅಷ್ಟೂ ತಿಳಿಯಂಗಿಲ್ಲೇನು?" ಅಂದಳು.

ಒಳಗೆ ಹೋದೆವು. ಅತ್ತಿ ರೊಟ್ಟಿಯ ಗಂಟು ಕೊಟ್ಟಳು, ಶಾಂತಾಬಾಯಿ ಕೇಕು ಕೊಟ್ಟರು. ಮೊಟ್ಟೆ ಹಾಕಿಲ್ಲ ಎಂದು ಅವರಾಗಿಯೇ ಹೇಳಿದರು. ಬಂದಿದ್ದ ನೆರೆಯವರು ಚಳಿಯ ಬಗ್ಗೆ, ತೊಗರಿಯ ಬಗ್ಗೆ ಮಾತಾಡುತ್ತಿದ್ದರು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಯಾರೂ ಆ ಕಡೆ ನೋಡುತ್ತಿರಲಿಲ್ಲ. ಅತ್ತಿ ನೋಡಿದಳು.

"ಯಜಮಾನರ ಹೆಸರು ಏನಿತ್ರಿ?"

ನಾನು ಭೂಮಿಗಿಳಿದು ಹೋದೆ. ನೆರೆಯವರ ಬಾಯಿಯಲ್ಲಿ ಕೇಕು ನಿಂತಿತು.

"ಇಮ್ಯಾನುವೆಲ್ ರೀ," ಅಂದರು ಶಾಂತಾಬಾಯಿ.

"ಅರ್ಥ?"

ಅಯ್ಯೋ ದೇವರೇ!

"ದೇವರು ನಮ್ಮ ಕೂಡ ಇದ್ದಾನ ಅಂತ್ರಿ." ಶಾಂತಾಬಾಯಿ ಫೋಟೋ ಕಡೆ ತಿರುಗಿದರು. ತುಟಿಯಂಚಿನಲ್ಲಿ ಏನೋ ಅಲುಗಿತು. "ನಾ ಬೈತಿದ್ದೆ ಅವರಿಗಿ. ಹೆಸರು ನೋಡಿದ್ರ ನಮ್ಮ ಕೂಡ, ಮನುಷ್ಯ ನೋಡಿದ್ರ ದಿನಾಲೂ ಕೇರಂ ಕೂಡ!"

ಹೇಳಿ ಜೋರಾಗಿ ನಕ್ಕರು. ನಗುತ್ತಲೇ ಸೆರಗು ಕಣ್ಣಿಗೊತ್ತಿಕೊಂಡರು. ಆಮೇಲೆ ಮೆಲ್ಲಗೆ, "ಎಲ್ಲರೂ ಬರ್ತಾರ್ರಿ, ಊಟ ಆಯ್ತಾ ಕೇಳ್ತಾರ, ಹೋಗ್ತಾರ. ನಾ ಅಳ್ತೀನಂತ ಅಂಜಿ ಯಾರೂ ಅವರ ಹೆಸರೇ ತಗೊಳ್ಳಲ್ಲ," ಅಂದರು.

ನೆರೆಯವರು ಒಬ್ಬೊಬ್ಬರಾಗಿ ಎದ್ದುಹೋದರು. ಬೀದಿ ದೀಪ ಹತ್ತಿತು. ಕಮಲಾಪುರದ ಬಸ್ಸಿನ ಹೊತ್ತಾಯಿತೆಂದು ಅತ್ತಿಯ ಮೊಣಕೈ ಮುಟ್ಟಿದೆ.

"ಹೋಗಲಿ ಬಿಡು," ಅಂದಳು. ಕುರ್ಚಿಯನ್ನು ಶಾಂತಾಬಾಯಿಯ ಹತ್ತಿರಕ್ಕೆ ಎಳೆದುಕೊಂಡು ಕೂತು ಕೇಳಿದಳು:

"ಆಮ್ಯಾಲ್ರಿ? ಕೇರಂ ಯಾರ ಕೂಡ ಆಡ್ತಿದ್ರು?"