ಕ್ಯಾಲಿಸ್ಟೊದ ಗುಳಿಗಳು ಮತ್ತು ನನ್ನ ಹೋರಾಟ

ಅನ್ಯಾಯವನ್ನು ಕಂಡು ಸುಮ್ಮನಿರುವುದು ನನ್ನಿಂದಾಗದ ಕೆಲಸ. ಅರಸೀಕೆರೆಯಲ್ಲಿ ಗಾಲಿಕುರ್ಚಿಗೆ ಇಳಿಜಾರಿಲ್ಲದ ಕಚೇರಿ ಮೆಟ್ಟಿಲುಗಳಿಂದ ಹಿಡಿದು ಬೀಗ ಜಡಿದ ಮಹಿಳಾ ಶೌಚಾಲಯಗಳವರೆಗೆ ಎಲ್ಲದರ ವಿರುದ್ಧವೂ ಮನವಿ ಬರೆದಿದ್ದೇನೆ. ಹೀಗಿರುವಾಗ ಬಾಣಾವರದ ರುಕ್ಮಿಣಿಯ ಸಂಗತಿ ಕಿವಿಗೆ ಬಿತ್ತು. ಹುಟ್ಟಿನಿಂದ ದೃಷ್ಟಿಯಿಲ್ಲದ ಈ ಹುಡುಗಿ ಪಿಯುಸಿಯಲ್ಲಿ ವಿಜ್ಞಾನ ಕೇಳಿದ್ದಳು. "ಚಿತ್ರ ನೋಡದೆ ವಿಜ್ಞಾನ ಹೇಗಮ್ಮ?" ಎಂದು ಪ್ರಾಂಶುಪಾಲರು ಅರ್ಜಿಯನ್ನು ಪಕ್ಕಕ್ಕಿಟ್ಟಿದ್ದರು.

ನಾನು ಧಾವಿಸಿದೆ. ಸಮಾನತೆಯ ಕುರಿತು ಒಂದು ಗಂಟೆ ಮಾತಾಡಿದೆ. ದಣಿದ ಪ್ರಾಂಶುಪಾಲರು, "ಶನಿವಾರ ಯಾವುದಾದರೂ ಒಂದು ಚಿತ್ರವನ್ನು ಅವಳೇ ನಮಗೆ ವಿವರಿಸಲಿ. ಸಹಿ ಹಾಕ್ತೀನಿ," ಎಂದರು.

ನಾನು ಆರಿಸಿದ್ದು ಗುರುಗ್ರಹದ ಹಿಮಾವೃತ ಚಂದ್ರ ಕ್ಯಾಲಿಸ್ಟೊ. ಬಾಹ್ಯಾಕಾಶ ನೌಕೆಯೊಂದು ತೆಗೆದ ಚಿತ್ರ. ಯುಗಯುಗಗಳಿಂದ ಬಂದಪ್ಪಳಿಸಿದ ಬಂಡೆಗಳಿಂದ ಅದರ ಮೈಯೆಲ್ಲ ಗುಳಿ. ಆ ನೆಲ ತನಗಾದ ಪೆಟ್ಟನ್ನು ಸುಲಭವಾಗಿ ಅಳಿಸಿಕೊಳ್ಳುವುದಿಲ್ಲ. ನನಗಂತೂ ಹತ್ತಿರದ ಬಂಧುವನ್ನು ಕಂಡಂತಾಯಿತು!

ಬೆರಳಿನಿಂದ ಓದಲು ಕಲ್ಲಿನ ಮಾದರಿ ಬೇಕಲ್ಲ? ಚಿತ್ರದ ಕೆಳಗಿದ್ದ ಸಣ್ಣಕ್ಷರದ ವಿವರಣೆ ಅಂದಗೆಡಿಸುತ್ತಿದೆಯೆಂದು ಅದನ್ನು ಹಿಂದಕ್ಕೆ ಮಡಚಿ, ಹಳೇಬೀಡಿನ ಶಿಲ್ಪಿ ನಂಜುಂಡಾಚಾರರ ಮುಂದಿಟ್ಟೆ.

ಅವರು ಹಾಳೆಯನ್ನು ಅತ್ತಿತ್ತ ತಿರುಗಿಸಿದರು. "ಮೇಡಂ, ಇದಕ್ಕೆ ಬಿಸಿಲು ಯಾವ ದಿಕ್ಕಿಂದ?"

ದಿಕ್ಕು! ಇಪ್ಪತ್ತೊಂದನೆಯ ಶತಮಾನದಲ್ಲಿ! ಅಡುಗೆಮನೆಯ ದಿಕ್ಕು, ತಲೆದಿಂಬಿನ ದಿಕ್ಕು ಎಂದು ಜನರನ್ನು ಹೆದರಿಸುವ ವಾಸ್ತುಮೌಢ್ಯದ ಬಗ್ಗೆ ಅರ್ಧ ಗಂಟೆ ಖಂಡನೆ ಮಂಡಿಸಿದೆ. ಆಚಾರರು ಉಳಿಯ ಮೊನೆ ಒರೆಸುತ್ತ ಪೂರ್ತಿ ಕೇಳಿದರು.

"ಆಯ್ತು ಬಿಡಿ. ಕಂಡಂಗೆ ಕೆತ್ತೀನಿ."

"ಅದೇ ವೈಜ್ಞಾನಿಕ ಮನೋಭಾವ," ಎಂದು ಬೆನ್ನು ತಟ್ಟಿ ಬಂದೆ.

ಶನಿವಾರ ಬೆಳಿಗ್ಗೆ ಕಲ್ಲು ಸಿದ್ಧವಾಯಿತು. ಅದನ್ನು ಕಾರಿಗೆ ಹೊತ್ತ ನನ್ನ ಪತಿ (ಯಜಮಾನರು ಎನ್ನುವುದನ್ನು ತಾತ್ವಿಕ ಕಾರಣಗಳಿಂದ ಬಿಟ್ಟಿದ್ದೇನೆ) ಒಮ್ಮೆ ಸವರಿ ನೋಡಿ, "ಏನೇ ಇದು, ಪಡ್ಡಿನ ಕಾವಲಿ ಬೋರಲು ಹಾಕ್ದಂಗಿದೆ?" ಎಂದರು.

"ವಿಜ್ಞಾನವನ್ನು ಅಣಕಿಸಬೇಡಿ," ಎಂದೆ. ಕಲ್ಲನ್ನು ಮುಟ್ಟಲಿಲ್ಲ. ಸಿದ್ಧಾಂತ ಗೊತ್ತಿದ್ದವರು ಮುಟ್ಟುವುದೇಕೆ?

ಕಾಲೇಜಿನಲ್ಲಿ ಆರು ಮಂದಿ ಉಪನ್ಯಾಸಕರು ಸಾಲಾಗಿ ಕೂತಿದ್ದರು. ರುಕ್ಮಿಣಿ ಕಲ್ಲಿನ ಮೇಲೆ ಬೆರಳಾಡಿಸಿದಳು. ನಿಲ್ಲಿಸಿದಳು. ಮತ್ತೆ ಆಡಿಸಿದಳು.

"ಮೇಡಂ, ಬಂಡೆ ಬಿದ್ದು ಗುಳಿ ಆಗೈತೆ ಅಂದಿದ್ರಿ. ಇಲ್ಲಿ ಒಂದು ಗುಳಿನೂ ಇಲ್ಲ. ಎಲ್ಲಾ ದಿಬ್ಬ!"

"ಸರಿಯಾಗಿ ಮುಟ್ಟಮ್ಮ!"

ಪ್ರಾಂಶುಪಾಲರು ನನ್ನ ಕೈಯಿಂದ ಚಿತ್ರ ತೆಗೆದುಕೊಂಡರು. "ಇದರಲ್ಲೂ ದಿಬ್ಬವೇ ಕಾಣ್ತಿದೆಯಲ್ಲ ಮೇಡಂ." ಅವರು ಪೆನ್ನಿನ ಮುಚ್ಚಳ ಹಾಕಿದರು. ಅಂದರೆ ಸಹಿ ಇಲ್ಲ. ಪೆಟ್ಟು ಬೀಳುತ್ತಿದ್ದುದು ನನಗಲ್ಲ, ಆ ಹುಡುಗಿಗೆ.

ರುಕ್ಮಿಣಿ ಮಾತ್ರ ತಲೆ ಓರೆಮಾಡಿ ಯೋಚಿಸುತ್ತಿದ್ದಳು. "ಸಾರ್, ಒಂದೊಂದು ದಿಬ್ಬದಲ್ಲೂ ಬೆಳಕಿರೋದು ಯಾವ ಅಂಚಿಗೆ?"

"ಮೇಲಿನ ಅಂಚಿಗೆ."

"ಬಿಸಿಲು ಬಂದಿರೋದು ಯಾವ ಕಡೆಯಿಂದ ಅಂತ ಎಲ್ಲಾದ್ರೂ ಬರೆದೈತಾ?"

ಪ್ರಾಂಶುಪಾಲರು ಮಡಿಕೆ ಬಿಡಿಸಿದರು. ಸಣ್ಣಕ್ಷರ ಹೊರಬಂತು: ಸೂರ್ಯನ ಬೆಳಕು ಚಿತ್ರದ ಕೆಳಭಾಗದಿಂದ.

"ಹಂಗಾದ್ರೆ ಗುಳಿನೇ ಸಾರ್! ಬೆಳಿಗ್ಗೆ ನಮ್ಮ ಗೊಬ್ಬರದ ಗುಂಡಿಗೆ ಕೈ ಇಟ್ರೆ, ಸೂರ್ಯನಿಗೆ ಎದುರು ಇರೋ ಆಚೆ ಗೋಡೆ ಬೆಚ್ಚಗಿರ್ತದೆ. ಪಕ್ಕದ ಮಣ್ಣಿನ ಗುಡ್ಡೆಗೆ ಸೂರ್ಯನ ಕಡೆ ಮಗ್ಗುಲು ಬೆಚ್ಚಗೆ. ಇಲ್ಲಿ ಬೆಳಕು ಕೆಳಗಿಂದ ಬಂದು ಮೇಲಿನ ಅಂಚಿಗೆ ಬಿದ್ದೈತೆ ಅಂದ್ರೆ ನಡುವೆ ಹಳ್ಳ ಇರಲೇಬೇಕು."

ಭೌತಶಾಸ್ತ್ರದವರು ಹಾಳೆಯನ್ನು ತಲೆಕೆಳಗು ಮಾಡಿದರು. ಆರೂ ಜನ ಒಟ್ಟಿಗೆ "ಓ!" ಎಂದರು. ದಿಬ್ಬಗಳೆಲ್ಲ ಕಣ್ಣೆದುರೇ ಗುಳಿಗಳಾಗಿದ್ದವು. ಬೆಳಕು ಮೇಲಿನಿಂದಲೇ ಬರುತ್ತದೆಂದುಕೊಂಡು ಕಣ್ಣಿದ್ದ ನಾವು ಎಂಟು ಮಂದಿ ಮೋಸಹೋಗಿದ್ದೆವು, ಆಚಾರರೊಬ್ಬರೇ ಬಿಸಿಲಿನ ದಿಕ್ಕು ಕೇಳಿದ್ದರು, ಅವರ ಬಾಯಿಯನ್ನು ನಾನೇ ಮುಚ್ಚಿಸಿದ್ದೆ.

ಪ್ರಾಂಶುಪಾಲರು ಸಹಿ ಹಾಕಿದರು.

ಈ ಐತಿಹಾಸಿಕ ಗೆಲುವಿನ ಕುರಿತು ನಾಲ್ಕು ಮಾತಾಡದಿದ್ದರೆ ಹೇಗೆ? ಗಂಟಲು ಸರಿಮಾಡಿಕೊಂಡು ಎದ್ದೆ. ರುಕ್ಮಿಣಿ ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು:

"ಕೂತ್ಕಳಿ ಮೇಡಂ. ಸಹಿ ಆಗೈತೆ. ನೀವು ಮಾತಾಡಿದ್ರೆ ವಾಪಸ್ ತಗಂಡುಬಿಡ್ತಾರೆ!"

ನಾನು ಕೂತೆ.